ಮೈಕು ಕೂಗಿದರೆ ಅಪ್ಪ ಓಡುತ್ತಿದ್ದರು

ಟಿವಿಯಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರ್ ಹಿಡಿದು ಸ್ಪೀಕರ್ ಪೆಟ್ಟಿಗೆಗಳ ಕಡೆ ತಿರುಗಿದ. ಗಿಟಾರ್ ಕುಂಯ್ ಅಂತ ಕೂಗಲು ಶುರುವಾಯಿತು. ಪಕ್ಕದಲ್ಲಿ ಕೂತಿದ್ದ ಅಪ್ಪನ ಬಲಗೈ ತಾನಾಗಿಯೇ ಮೇಲೆದ್ದು, ಗಾಳಿಯಲ್ಲಿ ಇಲ್ಲದ ಒಂದು ಗುಂಡಿಯನ್ನು ಎಡಕ್ಕೆ ತಿರುಗಿಸಿತು.

ಅದು ವಾಲ್ಯೂಮ್ ಗುಂಡಿ. ಅಪ್ಪ ಮೈಕ್ ಸೆಟ್ ಅಂಗಡಿ ಮುಚ್ಚಿ ಬಹಳ ವರ್ಷ ಆಯಿತು. ಈಗ ಎಪ್ಪತ್ತಾರು ವಯಸ್ಸು, ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಆದರೂ ಆ ಕೂಗು ಕಿವಿಗೆ ಬಿದ್ದ ತಕ್ಷಣ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಕೈ ಕೆಳಗಿಳಿಸಿ, "ಇವನ್ಯಾಕೆ ಆಫ್ ಮಾಡ್ತಿಲ್ಲ?" ಅಂದರು.

ಆ ಒಂದು ಪ್ರಶ್ನೆಯಿಂದ ಮುಂದಿನ ಎರಡು ವಾರ ನಮ್ಮ ಮನೆಯ ರಾತ್ರಿಗಳೇ ಬೇರೆಯಾದವು.

ನಾವು ನೋಡುತ್ತಿದ್ದದ್ದು 'ಸೆವೆನ್ ಏಜಸ್ ಆಫ್ ರಾಕ್' ಅನ್ನುವ ಬಿಬಿಸಿ ಸಾಕ್ಷ್ಯಚಿತ್ರ ಸರಣಿ. 2007ರದ್ದು, ಏಳು ಭಾಗ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಿಂದ ಹುಟ್ಟಿದ ರಾಕ್‌ನಿಂದ ಶುರುವಾಗಿ ಆರ್ಟ್ ರಾಕ್, ಪಂಕ್, ಹೆವಿ ಮೆಟಲ್, ಸ್ಟೇಡಿಯಂ ರಾಕ್ ಅಂತ ಒಂದೊಂದು ಕವಲನ್ನು ಒಂದೊಂದು ಭಾಗ ಹಿಡಿಯುತ್ತದೆ. ಬಹಳ ವರ್ಷದಿಂದ ಪೂರ್ತಿ ನೋಡಬೇಕು ಅಂದುಕೊಂಡಿದ್ದೆ, ಆಗಿರಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ಬೆಂಗಳೂರಿಗೆ ನನ್ನ ಮನೆಗೆ ಬಂದಿದ್ದಾರೆ. ಸಂಜೆ ಸೀರಿಯಲ್ ಅವರಿಗೆ ಆಗಿಬರುವುದಿಲ್ಲ. ಊಟ ಆದ ಮೇಲೆ ನಾನು ಇದನ್ನು ಹಾಕಿಕೊಂಡೆ, ಅವರು ಸುಮ್ನೆ ಪಕ್ಕದಲ್ಲಿ ಕೂತರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಗಾಗ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಎರಡನೇ ದಿನದಿಂದ ನಿಲ್ಲಿಸು ಅನ್ನುತ್ತಿದ್ದವರು ಅವರೇ.

ಅಪ್ಪನ ಅಂಗಡಿ ಇದ್ದದ್ದು ತಿಪಟೂರಿನ ಕಡೆ. ಮದುವೆ, ಜಾತ್ರೆ, ಗಣಪತಿ, ಎಲೆಕ್ಷನ್ ಪ್ರಚಾರ, ಎಲ್ಲಕ್ಕೂ ಅಪ್ಪನದೇ ಮೈಕು. ಆದರೆ ಅವರಿಗೆ ಇಷ್ಟವಾದ ಕೆಲಸ ಅಂದರೆ ಪೌರಾಣಿಕ ನಾಟಕ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದರೆ ಇಡೀ ರಾತ್ರಿ. ರಂಗದ ಮೇಲೆ ದಾರದಲ್ಲಿ ಮೈಕು ಇಳಿಬಿಟ್ಟಿರುತ್ತಾರೆ, ಒಂದು ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಇರುತ್ತದೆ, ಹಾರ್ನ್‌ಗಳು ಮರದ ಮೇಲೆ. ದುರ್ಯೋಧನ ಪಾತ್ರಧಾರಿ ಜೋಶಿನಲ್ಲಿ ಮೈಕಿನ ಕೆಳಗೇ ಬಂದು ಆರ್ಭಟಿಸಿದರೆ ಮೈಕು ಕೂಗಿಬಿಡುತ್ತದೆ. ಕೂಗಿದರೆ ಊರವರೆಲ್ಲ ಒಂದೇ ಸಲ ತಿರುಗಿ ಅಪ್ಪನನ್ನು ನೋಡುತ್ತಾರೆ. ಅಪ್ಪ ಚಹಾ ಕುಡಿಯುತ್ತಿದ್ದರೂ ಲೋಟ ಅಲ್ಲೇ ಇಟ್ಟು ಓಡಬೇಕು. ನಾನು ಚಿಕ್ಕವಳಿದ್ದಾಗ ವೈರ್ ಸುತ್ತಿಕೊಂಡು ಅವರ ಜೊತೆ ಹೋಗುತ್ತಿದ್ದೆ, ಅದಕ್ಕೇ ಆ ಓಟ ನನಗೆ ಚೆನ್ನಾಗಿ ನೆನಪಿದೆ. ಮೂವತ್ತು ವರ್ಷ ಅವರು ಮಾಡಿದ ಕೆಲಸವನ್ನು ಒಂದೇ ಮಾತಲ್ಲಿ ಹೇಳು ಅಂದರೆ, ಆ ಕೂಗು ಬರದ ಹಾಗೆ ನೋಡಿಕೊಳ್ಳುವುದು.

ಈಗ ಟಿವಿಯಲ್ಲಿ ಒಬ್ಬ ಹುಡುಗ ಆ ಕೂಗನ್ನೇ ಕರೆದು ಕೂರಿಸಿಕೊಂಡು ಮಾತಾಡಿಸುತ್ತಿದ್ದ.

"ಗಿಟಾರಲ್ಲಿ ಮೈಕು ಎಲ್ಲಿದೆ?" ಅಂತ ಅಪ್ಪ ಕೇಳಿದರು. ತಂತಿಯ ಕೆಳಗೆ ಪಿಕಪ್ ಇರುತ್ತದೆ, ಅಯಸ್ಕಾಂತಕ್ಕೆ ತೆಳು ತಾಮ್ರದ ತಂತಿ ಸುತ್ತಿರುತ್ತಾರೆ, ಗಿಟಾರಿನ ತಂತಿ ಅಲುಗಿದರೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ ಅಂದೆ. ಅಷ್ಟು ಸಾಕಾಯಿತು. ಮಿಕ್ಕಿದ್ದನ್ನು ಅವರೇ ನನಗೆ ಹೇಳಿದರು. ಸ್ಪೀಕರಿನ ಸದ್ದು ಬಂದು ತಂತಿಯನ್ನು ಅಲುಗಿಸುತ್ತದೆ, ತಂತಿ ಅಲುಗಿದರೆ ಮತ್ತೆ ಸ್ಪೀಕರಿಗೆ ಹೋಗುತ್ತದೆ, ಅದು ಮತ್ತೆ ತಂತಿಯನ್ನು ಅಲುಗಿಸುತ್ತದೆ, ಹಾಗೆ ಸುತ್ತುತ್ತಾ ಸುತ್ತುತ್ತಾ ಒಂದು ಸ್ವರ ಮಾತ್ರ ಉಬ್ಬಿ ನಿಲ್ಲುತ್ತದೆ. "ಒಂದು ಹೆಜ್ಜೆ ಹಿಂದೆ ಹೋದ್ರೆ ಸ್ವರ ಬದಲಾಗುತ್ತೆ ಕಣಮ್ಮ. ಇವನ ಕಾಲು ನೋಡು, ಕೈಯಲ್ಲ." ನಾನು ಇಪ್ಪತ್ತು ವರ್ಷ ಹೆಂಡ್ರಿಕ್ಸ್‌ನ ಬೆರಳುಗಳನ್ನೇ ನೋಡಿಕೊಂಡು ಬಂದವಳು. ಅವತ್ತು ಮೊದಲ ಸಲ ಅವನ ಕಾಲು ನೋಡಿದೆ. ಸ್ಪೀಕರಿಗೆ ಹತ್ತಿರ, ಸ್ವಲ್ಪ ಓರೆ, ಮತ್ತೆ ದೂರ. ಅಷ್ಟು ಜೋರು ಸದ್ದಿನ ನಡುವೆ ಅವನು ಬಹಳ ಸೂಕ್ಷ್ಮವಾಗಿ ಜಾಗ ಹುಡುಕುತ್ತಿದ್ದ.

ಹೆಂಡ್ರಿಕ್ಸ್ ಅಮೆರಿಕದವನು, ಆದರೆ ಅವನು ಹೆಸರು ಮಾಡಿದ್ದು ಲಂಡನ್ನಿನಲ್ಲಿ. 1966ರ ಸೆಪ್ಟೆಂಬರ್‌ನಲ್ಲಿ ಅವನ ಮ್ಯಾನೇಜರ್ ಚಾಸ್ ಚಾಂಡ್ಲರ್ ಅವನನ್ನು ಅಲ್ಲಿಗೆ ಕರೆತಂದ. ನಾಲ್ಕೇ ವರ್ಷ. 1970ರ ಸೆಪ್ಟೆಂಬರ್‌ನಲ್ಲಿ ಅದೇ ಲಂಡನ್ನಿನಲ್ಲಿ ತೀರಿಕೊಂಡ, ಆಗ ವಯಸ್ಸು 27. ಸರಣಿಯ ಮೊದಲ ಭಾಗ ಪೂರ್ತಿ ಅವನ ಸುತ್ತಲೇ ಇದೆ. ರೋಲಿಂಗ್ ಸ್ಟೋನ್ಸ್, ದ ಹೂ, ಕ್ರೀಮ್, ಲೆಡ್ ಜೆಪ್ಲಿನ್ ತಂಡದವರೆಲ್ಲರೂ ಬರುತ್ತಾರೆ, ಆದರೆ ದೀಪ ಇರುವುದು ಹೆಂಡ್ರಿಕ್ಸ್ ಮೇಲೆ. ನನ್ನ ಕೇಳಿದರೆ ಅದು ಸರಿಯಾದ ಆಯ್ಕೆ.

ಅಪ್ಪನಿಗೆ ಮಾತ್ರ ಆ ಹುಡುಗನಿಗಿಂತ ಅವನ ಹಿಂದಿನ ಪೆಟ್ಟಿಗೆಗಳ ಮೇಲೆ ಕಣ್ಣು. "ಅದ್ಯಾವ ಕಂಪನಿ?" ಅಂದರು. ಮಾರ್ಷಲ್. ಆ ಕಥೆ ನನಗೆ ಗೊತ್ತಿತ್ತು, ನಿಲ್ಲಿಸಿ ಹೇಳಿದೆ. ಜಿಮ್ ಮಾರ್ಷಲ್ ಮೂಲತಃ ಡ್ರಮ್ಸ್ ಕಲಿಸುವ ಮೇಷ್ಟ್ರು. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಒಂದು ವಾದ್ಯದ ಅಂಗಡಿ ಇಟ್ಟರು. ಡ್ರಮ್ಸ್ ಕಲಿಯಲು ಬಂದ ಹುಡುಗರು ತಮ್ಮ ಗಿಟಾರ್ ಗೆಳೆಯರನ್ನೂ ಕರೆತಂದರು. ಅಮೆರಿಕದಿಂದ ಬರುವ ಫೆಂಡರ್ ಆಂಪ್ಲಿಫೈಯರ್ ಅಲ್ಲಿ ತುಂಬಾ ದುಬಾರಿ. ಹಾಗಾಗಿ 1962ರಲ್ಲಿ ಅಂಗಡಿಯಲ್ಲೇ ಒಂದನ್ನು ಮಾಡಿದರು, ಫೆಂಡರ್‌ನ ಸರ್ಕ್ಯೂಟನ್ನೇ ಮಾದರಿಯಾಗಿ ಇಟ್ಟುಕೊಂಡು, ಕೈಗೆ ಸಿಕ್ಕ ಬ್ರಿಟಿಷ್ ಬಿಡಿಭಾಗಗಳನ್ನು ಹಾಕಿ. ಭಾಗ ಬದಲಾಯಿತು, ಅದಕ್ಕೆ ಸದ್ದೂ ಬದಲಾಯಿತು.

ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಅಂದ್ರೆ ನಮ್ಮ ಹಾಗೇ" ಅಂದರು.

ಅವರು ಕೆಲಸ ಕಲಿತದ್ದು ಅವರ ಸೋದರಮಾವನ ಹತ್ತಿರ, ಟ್ರಾನ್ಸಿಸ್ಟರ್‌ಗಿಂತ ಹಿಂದಿನ, ಗಾಜಿನ ವಾಲ್ವ್ ಸೆಟ್‌ಗಳ ಕಾಲದಲ್ಲಿ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ 60ರ ದಶಕದಲ್ಲೇ ವಾಲ್ವ್ ತಯಾರಾಗುತ್ತಿದ್ದವು. ಬೇಕಾದ ನಂಬರಿನ ವಾಲ್ವ್ ಸಿಗದಿದ್ದರೆ ಹತ್ತಿರದ್ದೊಂದನ್ನು ಹಾಕಿ, ಸುತ್ತಲಿನ ರೆಸಿಸ್ಟರ್ ಬದಲಿಸಿ ಹೊಂದಿಸುತ್ತಿದ್ದರಂತೆ. ಹಾಗೆ ಹೊಂದಿಸಿದ ಪ್ರತಿ ಸೆಟ್ಟಿಗೂ ಅದರದೇ ಒಂದು ಗಂಟಲು ಇರುತ್ತಿತ್ತು ಅಂದರು. ಕತ್ತಲಲ್ಲಿ ಕೇಳಿದರೂ ಯಾವ ಸೆಟ್ ಅಂತ ಹೇಳಬಲ್ಲರಂತೆ. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ದ ಹೂ ತಂಡದ ಪೀಟ್ ಟೌನ್‌ಸೆಂಡ್ ಅದೇ ಮಾರ್ಷಲ್ ಅಂಗಡಿಗೆ ಬಂದು ಇನ್ನೂ ಜೋರು ಬೇಕು, ಇನ್ನೂ ಜೋರು ಬೇಕು ಅಂತ ಪಟ್ಟು ಹಿಡಿದವನು. 100 ವಾಟಿನ ಆಂಪ್ಲಿಫೈಯರ್ ಬಂತು. ಆಮೇಲೆ ಎಂಟು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಬೇಕು ಅಂದ. ಮಾಡಿಕೊಟ್ಟರು. ಹೊರುವ ಹುಡುಗರ ಕೈಲಿ ಅದನ್ನು ಎತ್ತಲಿಕ್ಕೇ ಆಗಲಿಲ್ಲ. ಕೊನೆಗೆ ಅದನ್ನೇ ಎರಡು ಮಾಡಿ, ನಾಲ್ಕು ನಾಲ್ಕು ಸ್ಪೀಕರಿನ ಪೆಟ್ಟಿಗೆಯಾಗಿ ಒಂದರ ಮೇಲೊಂದು ಇಟ್ಟರು. ರಾಕ್ ಅಂದರೆ ಕಣ್ಣಿಗೆ ಬರುವ ಆ ಕಪ್ಪು ಗೋಡೆ ಹುಟ್ಟಿದ್ದು ಸಾಮಾನು ಹೊರುವವರ ಬೆನ್ನು ನೋವಿನಿಂದ. ಈ ಮಾತು ಅಪ್ಪನಿಗೆ ಬಹಳ ಹಿಡಿಸಿತು. ಹಾರ್ನ್ ಹೊತ್ತು ತೆಂಗಿನ ಮರ ಹತ್ತಿದವರು ಅವರು.

ವಾಲ್ವಿನ ಸದ್ದು ಯಾಕೆ ಅಷ್ಟು ಚೆಂದ ಒರಟಾಗುತ್ತದೆ ಅಂತ ನಾನು ಎಷ್ಟೋ ಕಡೆ ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಅಪ್ಪ ಎರಡು ಮಾತಲ್ಲಿ ಬಿಡಿಸಿದರು. ಬಾಗಿಲು ಗಿಡ್ಡ, ಬರುವ ಆಳು ಎತ್ತರ, ತಲೆ ತಾಗುತ್ತದೆ. ಆಂಪ್ಲಿಫೈಯರ್ ತಡೆಯುವುದಕ್ಕಿಂತ ಜಾಸ್ತಿ ಸದ್ದು ಕೊಟ್ಟರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದೇ ಒರಟು. "ಟ್ರಾನ್ಸಿಸ್ಟರ್ ಸೆಟ್ಟಲ್ಲಿ ತಲೆ ಠಣ್ ಅಂತ ಹೊಡೆಯುತ್ತೆ. ವಾಲ್ವ್ ಸೆಟ್ಟಲ್ಲಿ ಸ್ವಲ್ಪ ಬಗ್ಗುತ್ತೆ."

ಇಲ್ಲಿಂದ ನಾನು ಸರಣಿಯನ್ನು ಬೇರೆ ಥರ ನೋಡಲು ಶುರು ಮಾಡಿದೆ. ಅಪ್ಪನ ಅಂಗಡಿಯ ಲೆಕ್ಕದಲ್ಲಿ ರಿಪೇರಿಗೆ ಬಂದಂಥ ಸದ್ದುಗಳನ್ನೆಲ್ಲ ಹುಡುಕುತ್ತಾ ಹೋದೆ. ಎಷ್ಟೊಂದಿವೆ! 1951ರಲ್ಲಿ ಐಕ್ ಟರ್ನರ್ ತಂಡ 'ರಾಕೆಟ್ 88' ರೆಕಾರ್ಡ್ ಮಾಡಲು ಮೆಂಫಿಸ್‌ಗೆ ಹೊರಟಿತ್ತು, ದಾರಿಯಲ್ಲಿ ಗಿಟಾರ್ ಆಂಪ್ಲಿಫೈಯರ್ ಏಟು ತಿಂದು ಸ್ಪೀಕರ್ ಕೆಟ್ಟಿತು, ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಹಾಗೇ ರೆಕಾರ್ಡ್ ಮಾಡಿದರು. ಆ ಬರ್‌ಬರ್ ಸದ್ದು ಈಗಲೂ ಕೇಳಬಹುದು. ರಾಕ್ ಅಂಡ್ ರೋಲ್‌ನ ಮೊದಲ ರೆಕಾರ್ಡ್ ಯಾವುದು ಅನ್ನುವ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಸ್ಪೀಕರಿನ ಹರಿದ ಕಾಗದದ ಕೋನಿಗೆ ನ್ಯೂಸ್ ಪೇಪರ್ ತುಂಡು, ಮೇಲೆ ಗೋಂದು. ಅಪ್ಪ ಅದೆಷ್ಟು ಸ್ಪೀಕರ್‌ಗಳಿಗೆ ಹಾಗೆ ತೇಪೆ ಹಾಕಿದ್ದಾರೋ. ಒಣಗುವ ತನಕ ಮುಟ್ಟಬೇಡ ಅಂತ ನನಗೆ ಬೈದದ್ದೂ ಇದೆ.

60ರ ದಶಕದ ಶುರುವಿನಲ್ಲಿ ನ್ಯಾಶ್‌ವಿಲ್‌ನ ಒಂದು ಸ್ಟುಡಿಯೋದಲ್ಲಿ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ಸದ್ದು ಗೊರಗೊರ ಅಂತ ಬಂತು. ಅದನ್ನು ಅಳಿಸಲಿಲ್ಲ. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದು ಬೇಕೆಂದಾಗ ಬರಿಸುವ ಪೆಟ್ಟಿಗೆಯನ್ನೇ ಮಾಡಿದರು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್'ಗೆ ತುಳಿದದ್ದು ಅಂಥದೇ ಪೆಟ್ಟಿಗೆ. ಇನ್ನು ಕಿಂಕ್ಸ್ ತಂಡದ ಡೇವ್ ಡೇವಿಸ್. ಇವನು ಸ್ಪೀಕರ್ ತಾನಾಗಿ ಕೆಡುವ ತನಕ ಕಾಯಲಿಲ್ಲ. ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರ್ ಕೋನನ್ನು ರೇಜರ್ ಬ್ಲೇಡಿನಿಂದ ಸೀಳಿದ. 1964ರ 'ಯೂ ರಿಯಲಿ ಗಾಟ್ ಮಿ'ಯ ಮೊದಲ ಐದು ಸೆಕೆಂಡಿನಲ್ಲಿ ಆ ಸೀಳು ಕೇಳಿಸುತ್ತದೆ. ನಾನು ಹಾಕಿ ಕೇಳಿಸಿದೆ. ಅಪ್ಪ ಮುಖ ಕಿವುಚಿದರು. ಆಮೇಲೆ, "ಎರಡು ಕಡೆ ಸೀಳಿದಾನೆ ಅನ್ಸುತ್ತೆ, ಒಂದೇ ಆಗಿದ್ರೆ ಇಷ್ಟು ಬಡಿಯಲ್ಲ" ಅಂದರು. ಮತ್ತೊಂದು ಸಲ ಹಾಕು ಅಂದರು.

ಒಂದು ಜಾಗದಲ್ಲಿ ಮಾತ್ರ ಅಪ್ಪ ನನ್ನ ಜೊತೆ ಬರಲೇ ಇಲ್ಲ. ಟೌನ್‌ಸೆಂಡ್ ಗಿಟಾರ್ ಒಡೆಯುವುದು. 1964ರಲ್ಲಿ ಲಂಡನ್ನಿನ ಹ್ಯಾರೋ ಕಡೆಯ ರೈಲ್ವೆ ಹೋಟೆಲಿನಲ್ಲಿ ಕೆಳಗಿದ್ದ ಚಾವಣಿಗೆ ತಾಗಿ ಅವನ ಗಿಟಾರ್ ಅಕಸ್ಮಾತ್ ಮುರಿಯಿತು, ಅಲ್ಲಿಂದ ಬೇಕಂತಲೇ ಒಡೆಯುವುದು ಶುರುವಾಯಿತು. 1967ರ ಜೂನ್ 18ರಂದು ಅಮೆರಿಕದ ಮಾಂಟರೆ ಸಂಗೀತ ಉತ್ಸವದಲ್ಲಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿಯೇ ಹಚ್ಚಿದ. ಅಪ್ಪ ಎದ್ದು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ನಮ್ಮ ಮನೆಯಲ್ಲಿ ಹಾರ್ಮೋನಿಯಂಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಆಯುಧಪೂಜೆಗೆ ಆಂಪ್ಲಿಫೈಯರಿಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೆಯುತ್ತಿದ್ದರು. ಅದೇ ದಿನ ಅದೇ ಮಾಂಟರೆಯಲ್ಲಿ ರವಿಶಂಕರ್ ಸಿತಾರ್ ನುಡಿಸಿದ್ದರು. ಆ ಗಿಟಾರ್ ಸುಟ್ಟದ್ದು ತಮಗೆ ಸಹಿಸಲು ಆಗಲಿಲ್ಲ ಅಂತ ಅವರು ಮುಂದೆ ಹೇಳಿದ್ದಾರೆ. ಇದನ್ನು ಅಪ್ಪನಿಗೆ ಹೇಳಿದಾಗ, "ಮತ್ತೆ! ಆಗುತ್ತಾ?" ಅಂದರು. ನಾನು ವಾದಕ್ಕೆ ಹೋಗಲಿಲ್ಲ. ಹೆಂಡ್ರಿಕ್ಸ್ ಯಾಕೆ ಹಾಗೆ ಮಾಡಿದ ಅಂತ ನನಗೆ ಅರ್ಥವಾಗುತ್ತದೆ, ಅಪ್ಪ ಯಾಕೆ ಎದ್ದು ಹೋದರು ಅಂತಲೂ ಅರ್ಥವಾಗುತ್ತದೆ. ಎರಡರಲ್ಲಿ ಒಂದನ್ನು ಬಿಡು ಅಂದರೆ ನನ್ನ ಕೈಲಿ ಆಗುವುದಿಲ್ಲ.

ಆರ್ಟ್ ರಾಕ್ ಭಾಗ ನನಗೆ ಇಷ್ಟ, ಅಪ್ಪ ನಿದ್ದೆ ಹೋದರು. ಪಂಕ್ ಭಾಗವನ್ನು ನಾನೇ ಓಡಿಸಿದೆ.

ಹೆವಿ ಮೆಟಲ್ ಭಾಗಕ್ಕೆ ಬಂದಾಗ ಮತ್ತೆ ನಿಲ್ಲಿಸಬೇಕಾಯಿತು. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಒಂದು ಶೀಟ್ ಮೆಟಲ್ ಕಾರ್ಖಾನೆ, 1965. ಹುಡುಗನಿಗೆ 17 ವರ್ಷ. ಸಂಗೀತವನ್ನೇ ನೆಚ್ಚಿಕೊಳ್ಳಲು ಕೆಲಸ ಬಿಡುತ್ತಿದ್ದ, ಅವತ್ತೇ ಕೊನೆಯ ದಿನ. ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಬಲಗೈಯ ನಡುವಿನ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಎಲ್ಲ ಮುಗಿಯಿತು ಅಂತ ಕೂತಿದ್ದವನಿಗೆ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದರು. ಜ್ಯಾಂಗೋ ರೈನ್‌ಹಾರ್ಟ್‌ದು. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಲ್ಲಿ ಗಿಟಾರಿನ ದೊಡ್ಡ ವಿದ್ವಾಂಸನಾದವನು ಜ್ಯಾಂಗೋ. ಅಯೋಮಿ ಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವಾಗದಿರಲಿ ಅಂತ ತೆಳು ತಂತಿ ಹಾಕಿದ, ಮುಂದೆ ತಂತಿಗಳನ್ನು ಸಡಿಲ ಮಾಡಿ ಶ್ರುತಿಯನ್ನೇ ಇಳಿಸಿದ. ಆ ಇಳಿದ, ಭಾರವಾದ ಸದ್ದನ್ನೇ ಆಮೇಲೆ ಬಂದ ಎಷ್ಟೋ ತಂಡಗಳು ಹೆವಿ ಮೆಟಲ್ ಅಂದರೆ ಇದು ಅಂತ ಹಿಡಿದುಕೊಂಡವು.

ಅಪ್ಪ ತಮ್ಮ ಎಡಗೈ ನೋಡಿಕೊಂಡರು. ಒಂದು ಮಳೆಗಾಲದ ಗಣಪತಿ ಮೆರವಣಿಗೆಯಲ್ಲಿ ಕರೆಂಟ್ ಹೊಡೆದು ಆ ಕೈಯ ಕಿರುಬೆರಳು ಅವತ್ತಿನಿಂದ ಪೂರ್ತಿ ಮಡಚುವುದಿಲ್ಲ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ಮ್ಯಾನೇಜರ್ ದೊಡ್ಡ ಮನುಷ್ಯ" ಅಂದರು.

ಸ್ಟೇಡಿಯಂ ರಾಕ್ ಭಾಗ ಪೂರ್ತಿ ಅಪ್ಪನದು. ಸಾವಿರಾರು ಜನಕ್ಕೆ ಹೇಗೆ ಕೇಳಿಸುತ್ತಾರೆ, ಹಿಂದೆ ನಿಂತವನಿಗೆ ಎಷ್ಟು ತಡವಾಗಿ ತಲುಪುತ್ತದೆ, ಅದೇ ಅವರ ಪ್ರಶ್ನೆ. 1965ರ ಆಗಸ್ಟ್ 15ರಂದು ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಜಾಸ್ತಿ ಜನರೆದುರು ಹಾಡಿದರು. ಹಾಡು ಹೋದದ್ದು ಬೇಸ್‌ಬಾಲ್ ಆಟದ ಅನೌನ್ಸ್‌ಮೆಂಟಿಗೆ ಅಂತ ಹಾಕಿದ್ದ ಸ್ಪೀಕರ್‌ಗಳಲ್ಲಿ. ಹುಡುಗಿಯರ ಕಿರುಚಾಟದಲ್ಲಿ ಅವರಿಗೇ ಅವರ ಹಾಡು ಕೇಳಿಸುತ್ತಿರಲಿಲ್ಲ. ಅಪ್ಪ ತಲೆ ಅಲ್ಲಾಡಿಸಿದರು, "ಅನೌನ್ಸ್‌ಮೆಂಟ್ ಹಾರ್ನಲ್ಲಿ ಹಾಡು ಬರಲ್ಲ. ಗಂಟಲು ಮಾತ್ರ ಬರುತ್ತೆ, ಎದೆ ಬರಲ್ಲ." ನಾಲ್ಕೇ ವರ್ಷದ ಮೇಲೆ, 1969ರಲ್ಲಿ ವುಡ್‌ಸ್ಟಾಕ್ ಸಂಗೀತ ಉತ್ಸವ. ಹಾಲಿನ ಡೈರಿಯ ಹೊಲ, ನಾಲ್ಕು ಲಕ್ಷದಷ್ಟು ಜನ, ಮಳೆ, ಕೆಸರು. ಸೌಂಡ್ ವ್ಯವಸ್ಥೆ ಬಿಲ್ ಹ್ಯಾನ್ಲಿ ಅನ್ನುವವರದು. ಎತ್ತರದ ಅಟ್ಟಣೆಗಳ ಮೇಲೆ ಸ್ಪೀಕರ್ ಇಟ್ಟು ಅಷ್ಟು ಜನಕ್ಕೂ ತಲುಪಿಸಿದರು. ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಹ್ಯಾನ್ಲಿ ಹೆಸರನ್ನು ಅಪ್ಪ ಎರಡು ಸಲ ಹೇಳಿಸಿಕೊಂಡರು.

ಆಮೇಲೆ ನಾನು ಗ್ರೇಟ್‌ಫುಲ್ ಡೆಡ್ ತಂಡ 1974ರಲ್ಲಿ ಕಟ್ಟಿದ ಸ್ಪೀಕರ್ ಗೋಡೆಯ ಫೋಟೋ ತೋರಿಸಿದೆ. ಸುಮಾರು 600 ಸ್ಪೀಕರ್. ಅವೆಲ್ಲ ಇದ್ದದ್ದು ಹಾಡುಗಾರರ ಹಿಂದೆ, ಮೈಕಿನ ಎದುರಿಗೇ. "ಕೂಗಲ್ವಾ?" ಅಂದರು ಅಪ್ಪ, ನಿಜವಾಗಲೂ ಗಾಬರಿಯಿಂದ. ಕೂಗದ ಹಾಗೆ ಅವರು ಮಾಡಿದ ಉಪಾಯ ಇದು: ಪ್ರತಿ ಹಾಡುಗಾರನಿಗೂ ಒಂದರ ಕೆಳಗೊಂದು ಎರಡು ಮೈಕು, ಒಂದರ ವೈರ್ ಸೀದಾ, ಇನ್ನೊಂದರದು ಉಲ್ಟಾ. ಹಿಂದಿನ ಸ್ಪೀಕರಿನ ಸದ್ದು ಎರಡಕ್ಕೂ ಒಂದೇ ಸಮ ಬರುತ್ತದೆ, ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ಹಾಡುಗಾರ ಮೇಲಿನ ಮೈಕಿಗೆ ಬಾಯಿ ಹತ್ತಿರ ಇಟ್ಟು ಹಾಡುತ್ತಾನೆ, ಅದು ಮಾತ್ರ ಉಳಿಯುತ್ತದೆ. ನಾನು ಹೇಳಿ ಮುಗಿಸುವ ಮೊದಲೇ ಅಪ್ಪನಿಗೆ ಹೊಳೆಯಿತು. ಒಂದೆರಡು ನಿಮಿಷ ಅವರು ಟಿವಿ ಕಡೆ ನೋಡಲೇ ಇಲ್ಲ. "ಎರಡು ಮೈಕು ಇತ್ತಲ್ಲ ನನ್ನ ಹತ್ತಿರ" ಅಂದರು ಮೆಲ್ಲಗೆ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಆ ಮಳೆಯಲ್ಲಿ ನೆನೆದುಕೊಂಡು ನೋಡಿದ್ದೆ. ಮಾರನೆ ದಿನ ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ, ಸ್ಪೀಕರ್ ಎಷ್ಟಿದ್ದವು, ಮಳೆಗೆ ಏನು ಮುಚ್ಚಿದ್ದರು. ನನಗೆ ಆಗ ಸ್ವಲ್ಪ ಬೇಜಾರಾಗಿತ್ತು. ಹಾಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲವಲ್ಲ ಅಂತ. ಈಗ ಅನ್ನಿಸುತ್ತದೆ, ಅವರು ಕೇಳಿದ್ದೇ ಹಾಡಿನ ಬಗ್ಗೆ.

ಈ ಸರಣಿಯ ಮೇಲೆ ನನಗೊಂದು ತಕರಾರಿದೆ. ಇದು 60ರ ದಶಕದ ಲಂಡನ್ನಿನಿಂದ ಶುರುವಾಗುತ್ತದೆ. ಬ್ಲೂಸ್‌ನ ಕಪ್ಪು ಹಾಡುಗಾರರು ಬರುತ್ತಾರೆ, ಆದರೆ ಅವರು ಬಿಳಿ ಹುಡುಗರ ಕಥೆಗೆ ಪೀಠಿಕೆಯ ಹಾಗೆ ಬಂದು ಹೋಗುತ್ತಾರೆ. ಸ್ಟೋನ್ಸ್ ತಂಡದ ಹೆಸರೇ ಮಡ್ಡಿ ವಾಟರ್ಸ್‌ನ 1950ರ ಹಾಡಿನಿಂದ ಬಂದದ್ದು. ಲೆಡ್ ಜೆಪ್ಲಿನ್‌ನ 'ವೆನ್ ದ ಲೆವಿ ಬ್ರೇಕ್ಸ್' ಕೇಳಿ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನುವ ಹಳೆ ಮನೆಯ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೆಟ್ಟಿಲ ಮೇಲಿನಿಂದ ಎರಡು ಮೈಕು ಇಳಿಬಿಟ್ಟು ರೆಕಾರ್ಡ್ ಮಾಡಿದ್ದು. ಅಪ್ಪನ ನಾಟಕದ ಮೈಕಿನ ಹಾಗೇ! ಆ ಡ್ರಮ್ಸ್ ಸದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಹಾಡು 1929ರದ್ದು. ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ ಅನ್ನುವ ಕಪ್ಪು ಗಂಡ ಹೆಂಡತಿ, 1927ರಲ್ಲಿ ಮಿಸಿಸಿಪ್ಪಿ ಹೊಳೆಯ ಏರಿ ಒಡೆದು ಊರೂರು ಮುಳುಗಿದ್ದರ ಬಗ್ಗೆ ಹಾಡಿದ್ದು. ಇದೇ ತಂಡದ ಇನ್ನೊಂದು ಹೆಸರುವಾಸಿ ಹಾಡಿನಲ್ಲಿ ತನ್ನ ಸಾಲುಗಳಿವೆ ಅಂತ ಬ್ಲೂಸ್ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ ಕೋರ್ಟಿಗೆ ಹೋಗಬೇಕಾಯಿತು, 1987ರಲ್ಲಿ ರಾಜಿಯಾಯಿತು. ನಾನು ಈ ತಂಡಗಳನ್ನು ಪ್ರೀತಿಸುತ್ತೇನೆ. ಅದಕ್ಕೇ ಈ ಲೆಕ್ಕ ಸರಿಯಾಗಿ ಹೇಳಬೇಕು ಅನ್ನಿಸುತ್ತದೆ.

ಸರಣಿ ಬಿಟ್ಟದ್ದನ್ನು ತುಂಬಲು ಒಂದು ರಾತ್ರಿ ನಾನು ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರ ಹಳೆಯ ಟಿವಿ ತುಣುಕು ಹಾಕಿದೆ. 1964ರ ಮೇ ತಿಂಗಳು, ಮ್ಯಾಂಚೆಸ್ಟರ್‌ನ ಬಳಕೆ ತಪ್ಪಿದ ಒಂದು ರೈಲ್ವೆ ನಿಲ್ದಾಣ. ಒಂದು ಪ್ಲಾಟ್‌ಫಾರ್ಮಿನಲ್ಲಿ ಜನ, ಎದುರಿನದರಲ್ಲಿ ವಾದ್ಯದವರು, ನಡುವೆ ಹಳಿ. ಗ್ರಾನಡಾ ಟಿವಿಯವರು ಶೂಟ್ ಮಾಡಿದ್ದು. ಮಳೆ ಬಂದಿದೆ. ಕೋಟ್ ಹಾಕಿಕೊಂಡ, ಐವತ್ತರ ಹತ್ತಿರದ ಕಪ್ಪು ಹೆಂಗಸು ಕುದುರೆ ಗಾಡಿಯಿಂದ ಇಳಿದು ಬಂದು, ಬಿಳಿ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು, ಮಳೆಯದೇ ಒಂದು ಭಕ್ತಿಗೀತೆ ಎತ್ತಿಕೊಂಡು ಆ ನಿಲ್ದಾಣವನ್ನು ಅಲುಗಾಡಿಸುತ್ತಾರೆ. ಇವರು 1930ರ ದಶಕದಿಂದಲೇ ರೆಕಾರ್ಡ್ ಮಾಡುತ್ತಿದ್ದವರು, ಚರ್ಚಿನ ಹಾಡನ್ನು ಗಿಟಾರಿನ ಮೇಲೆ ತಂದವರು. 1973ರಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ, ಬಹಳ ವರ್ಷ ಹಾಗೇ ಇತ್ತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2018ರಲ್ಲಿ. ಅಪ್ಪ ಕೈ ಮುಗಿದರು. ಟಿವಿಗೆ ಕೈ ಮುಗಿಯುವವರಲ್ಲ ಅವರು.

ಕೊನೆಯ ಎರಡು ಭಾಗ ಬೇಗ ಮುಗಿದವು, ಅವು ನನಗೂ ಅಷ್ಟಾಗಿ ಹತ್ತಿರವಲ್ಲ. ಸರಣಿ ಮುಗಿದ ರಾತ್ರಿ ಅಪ್ಪ ಮಲಗಲು ಏಳಲಿಲ್ಲ. "ಆ ಮೊದಲನೆ ಹುಡುಗಂದು ಇನ್ನೊಂದ್ಸಲ ಹಾಕು" ಅಂದರು. ನಾನು ವುಡ್‌ಸ್ಟಾಕ್‌ನಲ್ಲಿ ಹೆಂಡ್ರಿಕ್ಸ್ ನುಡಿಸಿದ ಅಮೆರಿಕದ ರಾಷ್ಟ್ರಗೀತೆ ಹುಡುಕಿ ಹಾಕಿದೆ. ಸೋಮವಾರ ಬೆಳಗ್ಗೆ, ಬಹುಪಾಲು ಜನ ಹೊರಟುಹೋದ ಮೇಲೆ ನುಡಿಸಿದ್ದು. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಅವನೇ ಒಂದು ಕಾಲದಲ್ಲಿ ಪ್ಯಾರಾಚೂಟ್ ಸೈನಿಕನಾಗಿದ್ದವನು. ಗೀತೆ ಸೀದಾ ಹೋಗುತ್ತಿರುತ್ತದೆ, ನಡುವೆ ಗಿಟಾರ್ ಕೂಗುತ್ತದೆ, ಬಾಂಬ್ ಬೀಳುತ್ತದೆ, ಯಾರೋ ಅಳುತ್ತಾರೆ, ಮತ್ತೆ ಗೀತೆ ಬರುತ್ತದೆ. ಈ ಸಲ ಅಪ್ಪನ ಕೈ ಮೇಲೇಳಲಿಲ್ಲ, ತೊಡೆಯ ಮೇಲೆಯೇ ಇತ್ತು.

ಮುಗಿದ ಮೇಲೆ ಅವರು ಒಂದು ವಿಷಯ ಹೇಳಿದರು. ನಾನು ಹುಟ್ಟುವ ಮೊದಲಿನದು. ಒಂದು ಕುರುಕ್ಷೇತ್ರ ನಾಟಕ, ಬೆಳಗಿನ ಜಾವ ಮೂರೂವರೆ ಇರಬಹುದು. ಅಭಿಮನ್ಯು ಸತ್ತಿದ್ದಾನೆ, ಸುಭದ್ರೆ ಪಾತ್ರದವನು ಹಾಡು ಮುಗಿಸಿ ನಿಲ್ಲಿಸಿದ್ದಾನೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಬಿಟ್ಟಿದ್ದಾರೆ. ಜನ ಉಸಿರು ಬಿಡದೆ ಕೂತಿದ್ದಾರೆ. ಆಗ ಮೈಕು ಕೂಗಲು ಶುರುವಾಯಿತು, ಮೆಲ್ಲಗೆ, ದೂರದಿಂದ ಬಂದ ಹಾಗೆ. ಅದು ಹಾರ್ಮೋನಿಯಂ ಹಿಡಿದಿದ್ದ ಸ್ವರದಲ್ಲೇ ನಿಂತಿತು. ಮೇಷ್ಟ್ರು ತಲೆ ಎತ್ತಿ ಇವರ ಕಡೆ ನೋಡಿದರು. ಅಪ್ಪನ ಕೈ ಗುಂಡಿಯ ಮೇಲೇ ಇತ್ತು.

"ತಿರುಗಿಸಲಿಲ್ಲ ಕಣಮ್ಮ. ಒಂದು ಗಳಿಗೆ ಹಾಗೇ ಬಿಟ್ಟೆ."

ಯಾವ ಶ್ರುತಿ ಅಪ್ಪ ಅದು, ಹಾರ್ಮೋನಿಯಂನ ಯಾವ ಮನೆ, ಅಂತ ಕೇಳಿದೆ.

"ಕಪ್ಪು ಎರಡು" ಅಂದರು, ಒಂದು ಕ್ಷಣವೂ ಯೋಚಿಸದೆ.